ಗಡಿಯಾರ ಬಿಚ್ಚುವವನು ವಿಕಿಪೀಡಿಯ ಪುಟ ಬಿಚ್ಚಿದ್ದು

ನನಗೆ ಹಳೇ ಗೋಡೆ ಗಡಿಯಾರ ಬಿಚ್ಚಿ ಕೂಡಿಸುವ ಹುಚ್ಚು. ಕೀಲಿ ಕೊಟ್ಟರೆ ಓಡುವಂಥದ್ದು, ಕೆಳಗೆ ಪೆಂಡುಲಂ ತೂಗುವಂಥದ್ದು. ಕಸುಬಲ್ಲ, ಬಿಡುವಿನ ಕೆಲಸ. ಬಿಚ್ಚಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಯಾವ ತಿರುಪು ಎಲ್ಲಿತ್ತು, ಏನು ಸರಿಮಾಡಿದೆ, ಏನು ಕೆಡಿಸಿದೆ, ಎಲ್ಲ. ಈ ಸಲ ಅದೇ ನೋಟ್‌ಬುಕ್ಕಿನಲ್ಲಿ ಗಡಿಯಾರದ ಬದಲು ಒಂದು ವಿಕಿಪೀಡಿಯ ಪುಟದ ರಿಪೇರಿ ಸೇರಿಕೊಂಡಿದೆ. ಅದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೇಜಿಗೆ ಬಂದಾಗಿನ ಸ್ಥಿತಿ

ಪುಟದ ವಿಷಯ ಪೆಂಡುಲಂ ಗಡಿಯಾರ. ನಾಲ್ಕು ಪ್ಯಾರಾ, ಒಂದು ಮಸುಕು ಫೋಟೋ, ಕೊನೆಯಲ್ಲಿ ಎರಡು ಕೊಂಡಿ. ಅದರಲ್ಲಿ ಒಂದು ಸತ್ತಿತ್ತು.

ದೋಷಗಳು ಮೇಲ್ನೋಟಕ್ಕೇ ಕಂಡವು. ಪೆಂಡುಲಂ ಗಡಿಯಾರ ಕಟ್ಟಿದ್ದು ಗೆಲಿಲಿಯೋ ಅಂತ ಇತ್ತು. ಕಟ್ಟಿದವನು ಕ್ರಿಸ್ಟಿಯಾನ್ ಹೈಗನ್ಸ್, 1656ರಲ್ಲಿ. ಗೆಲಿಲಿಯೋ ಯೋಚನೆ ಮಾಡಿದ್ದ, ಕೊನೆಗಾಲದಲ್ಲಿ ಮಗನಿಗೆ ವಿವರಿಸಿಯೂ ಇದ್ದ, ಆದರೆ ಆ ಗಡಿಯಾರ ಪೂರ್ತಿಯಾಗಲಿಲ್ಲ. ಇನ್ನೊಂದು ಕಡೆ, ಸೆಕೆಂಡ್ ಪೆಂಡುಲಂ ಒಂದು ಸೆಕೆಂಡಿನಲ್ಲಿ ಹೋಗಿ ಬರುತ್ತದೆ ಅಂತ ಇತ್ತು. ಹೋಗಲು ಒಂದು, ಬರಲು ಒಂದು, ಒಟ್ಟು ಎರಡು ಸೆಕೆಂಡ್ ಬೇಕು. ಮೂರನೇ ಪ್ಯಾರಾ ಪೂರ್ತಿ ‘ಅದ್ಭುತ’, ‘ಅನನ್ಯ’, ‘ಮನಸೂರೆಗೊಳ್ಳುವ’.

ಒಂದು ಸಂಜೆಯ ಕೆಲಸ ಅಂದುಕೊಂಡೆ. ಐದು ವಾರ ಹಿಡಿಯಿತು.

ದಿನ 1

ತಿದ್ದಲು ಖಾತೆ ಬೇಕೇಬೇಕು ಅಂತಿಲ್ಲ. ಆದರೆ ಖಾತೆ ಇದ್ದರೆ ವೀಕ್ಷಣಾಪಟ್ಟಿ ಸಿಗುತ್ತದೆ, ನಾವು ಕೈಹಾಕಿದ ಪುಟಕ್ಕೆ ಮುಂದೆ ಯಾರು ಏನು ಮಾಡಿದರು ಅಂತ ನೋಡಬಹುದು. ಅದಕ್ಕಾಗಿ ಖಾತೆ ತೆರೆದೆ.

‘ಸಂಪಾದಿಸಿ’ ಒತ್ತಿದೆ. ಗೆಲಿಲಿಯೋ ಹೆಸರು ಅಳಿಸಿ ಹೈಗನ್ಸ್ ಹೆಸರು ಹಾಕಿದೆ. ಉಳಿಸಿದೆ. ಪುಟದಲ್ಲಿ ಆ ಕ್ಷಣವೇ ಬದಲಾಯಿತು! ಯಾರ ಒಪ್ಪಿಗೆಗೂ ಕಾಯಲಿಲ್ಲ. ವಿಕಿ ಅನ್ನುವ ಪದ ಹವಾಯಿ ಭಾಷೆಯದು, ಬೇಗ ಅಂತ ಅರ್ಥ. ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿ ತಾಣಕ್ಕೆ ಆ ಹೆಸರು ಇಟ್ಟಿದ್ದು ಸುಮ್ನೆ ಅಲ್ಲ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹುರುಪು ಬಂದುಬಿಟ್ಟಿತ್ತು. ‘ಗಡಿಯಾರ ನಿಂತರೆ ಏನು ಮಾಡಬೇಕು’ ಅಂತ ಹೊಸ ವಿಭಾಗ ಶುರುಮಾಡಿ 12 ವಾಕ್ಯ ಬರೆದೆ. ಟಿಕ್ ಆದಮೇಲೆ ಟಾಕ್ ಆಗುವ ಅಂತರ, ಟಾಕ್ ಆದಮೇಲೆ ಟಿಕ್ ಆಗುವ ಅಂತರ, ಎರಡೂ ಸಮ ಇರಬೇಕು. ಇಲ್ಲದಿದ್ದರೆ ಕೀಲಿ ತುಂಬಿದ್ದರೂ ಗಡಿಯಾರ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಕಣ್ಣು ಮುಚ್ಚಿ ಕೇಳಿ, ಕುಂಟುತ್ತಿದ್ದರೆ ಪೆಟ್ಟಿಗೆಯನ್ನು ಕೂದಲೆಳೆಯಷ್ಟು ಓರೆ ಮಾಡಿ ನೋಡಿ, ಯಾವ ಕಡೆ ಓರೆ ಮಾಡಿದಾಗ ಸದ್ದು ಸಮ ಆಗುತ್ತದೋ ಗುರುತು ಮಾಡಿಕೊಳ್ಳಿ, ಹೀಗೆ. ಎಷ್ಟೋ ಗಡಿಯಾರಗಳ ಮುಂದೆ ಕಿವಿಯಿಟ್ಟು ಕಲಿತದ್ದು. ಜೊತೆಗೆ ಕೊನೆಯಲ್ಲಿ ನಾನೇ ಮಾಡಿದ ಒಂದು ರಿಪೇರಿ ವಿಡಿಯೋದ ಕೊಂಡಿಯನ್ನೂ ಅಂಟಿಸಿದೆ. ಏನು ತಿದ್ದಿದೆ, ಯಾಕೆ ಅಂತ ಬರೆಯುವ ಸಾರಾಂಶದ ಪೆಟ್ಟಿಗೆ ಖಾಲಿ ಬಿಟ್ಟೆ. ‘ಇದು ಚಿಕ್ಕ ಬದಲಾವಣೆ’ ಅನ್ನುವ ಚೌಕಕ್ಕೆ ಗುರುತು ಹಾಕಿದೆ. ಯಾಕೆ ಅಂದರೆ, ವಿನಯ!

ದಿನ 2

ವಿಭಾಗ ಮಾಯ.

ಪುಟದ ಮೇಲ್ಗಡೆ ‘ಇತಿಹಾಸ’ ಅಂತ ಇದೆ. ಅದನ್ನು ಒತ್ತಿದರೆ ಆ ಪುಟ ಹುಟ್ಟಿದಾಗಿನಿಂದ ಯಾರು ಯಾವಾಗ ಏನು ತಿದ್ದಿದರು ಅಂತ ಸಾಲಾಗಿ ಬರುತ್ತದೆ. ಎಷ್ಟು ಸೇರಿತು ಅನ್ನುವುದು ಹಸಿರಲ್ಲಿ, ಎಷ್ಟು ಹೋಯಿತು ಅನ್ನುವುದು ಕೆಂಪಲ್ಲಿ. ನನ್ನ ಹಸಿರು ಸಾಲಿನ ಮೇಲೆ ಒಂದು ದಪ್ಪ ಕೆಂಪು ಸಾಲು ಕೂತಿತ್ತು. ಪಕ್ಕದಲ್ಲಿ ಸಾರಾಂಶ: ಮೂಲವಿಲ್ಲ, ಕೈಪಿಡಿಯ ಧಾಟಿ, ಸ್ವಂತ ಕೊಂಡಿ. ಮೂರೇ ಮಾತು.

ಸಿಟ್ಟು ಬಂತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಆ ಥರ. ‘ವಜಾ ಮಾಡು’ ಒತ್ತಿ ನನ್ನದನ್ನು ವಾಪಸ್ ತಂದೆ. ಅರ್ಧ ಗಂಟೆಯಲ್ಲಿ ಮತ್ತೆ ಹೋಯಿತು. ಮತ್ತೆ ತಂದೆ. ಮತ್ತೆ ಹೋಯಿತು. ಮೂರನೇ ಸಲ ಕೈ ಎತ್ತುವ ಹೊತ್ತಿಗೆ ಪರದೆಯ ಮೇಲ್ಗಡೆ ಒಂದು ಸೂಚನೆ ಬಂತು. ನನ್ನ ಸದಸ್ಯ ಚರ್ಚೆ ಪುಟದಲ್ಲಿ ಯಾರೋ ಬರೆದಿದ್ದರು.

ನಮಸ್ಕಾರ ಅಂತ ಶುರು. ಹೈಗನ್ಸ್ ಹೆಸರು ಸರಿಪಡಿಸಿದ್ದಕ್ಕೆ ಥ್ಯಾಂಕ್ಸ್ ಇತ್ತು. ಹೀಗೆ ಹಿಂದೆ ಮುಂದೆ ಎಳೆದಾಡುವುದಕ್ಕೆ ಸಂಪಾದನಾ ಸಮರ ಅಂತಾರೆ, ಬೇಡ, ಚರ್ಚೆ ಪುಟಕ್ಕೆ ಬನ್ನಿ ಅಂತ ಇತ್ತು. ಇಂಗ್ಲಿಷ್ ವಿಕಿಪೀಡಿಯದಲ್ಲಂತೂ ಇದಕ್ಕೆ ಗೆರೆ ಎಳೆದಿದ್ದಾರೆ: ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಜಾಸ್ತಿ ಸಲ ಬೇರೆಯವರ ತಿದ್ದುಪಡಿಯನ್ನು ವಾಪಸ್ ಮಾಡಿದರೆ ಖಾತೆಗೆ ತಡೆ ಬೀಳಬಹುದು. ಹಾಗಂತ ದಿನಕ್ಕೆ ಮೂರು ಸಲ ಹಕ್ಕು ಅಂತಲೂ ಅಲ್ಲ.

ಕೊನೆಯ ಸಾಲು ಹೀಗಿತ್ತು: “ಇದು ನಿಮಗೆ ಗೊತ್ತಿದೆ, ಒಪ್ಪುತ್ತೇನೆ. ಆದರೆ ನಿಮಗೆ ಗೊತ್ತಿದೆ ಅನ್ನುವುದು ಓದುವವರಿಗೆ ಹೇಗೆ ಗೊತ್ತಾಗಬೇಕು?”

ಆ ರಾತ್ರಿ ಉತ್ತರ ಬರೆಯಲಿಲ್ಲ.

ದಿನ 3

ನಿಯಮ ಓದಿದೆ. ಪುಟಗಟ್ಟಲೆ ಇವೆ. ಎಲ್ಲ ಓದಿ ಮುಗಿಸಿ ತಿದ್ದಲು ಹೊರಟರೆ ಯಾರೂ ತಿದ್ದುವುದಿಲ್ಲ. ಆಧಾರಸ್ತಂಭ ಅಂತ ಐದು ಇವೆ. ಇದು ವಿಶ್ವಕೋಶ, ಪಕ್ಷಪಾತ ಇಲ್ಲದೆ ಬರೆಯಬೇಕು, ಬರೆದದ್ದನ್ನು ಯಾರು ಬೇಕಾದರೂ ಬಳಸಬಹುದು ತಿದ್ದಬಹುದು, ಪರಸ್ಪರ ಮರ್ಯಾದೆ ಇರಲಿ, ಐದನೆಯದು ಯಾವ ನಿಯಮವೂ ಕಲ್ಲಲ್ಲಿ ಕೆತ್ತಿದ್ದಲ್ಲ. ಐದನೆಯದನ್ನು ಓದಿ ಖುಷಿಯಾಗಿ ನನ್ನ ವಿಭಾಗಕ್ಕೆ ಅನ್ವಯಿಸುತ್ತದಾ ಅಂತ ನೋಡಿದೆ. ಅನ್ವಯಿಸುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬರಹಕ್ಕೆ ಸಂಬಂಧಪಟ್ಟ ಎರಡು ನಿಯಮ. ಒಂದು, ಹೇಳಿದ್ದನ್ನು ಓದುಗ ಬೇರೆಲ್ಲಾದರೂ ಪರಿಶೀಲಿಸುವಂತಿರಬೇಕು. ಎರಡು, ಸ್ವಂತ ಸಂಶೋಧನೆ ಬೇಡ. ಸ್ವಂತ ಸಂಶೋಧನೆ ಅಂದರೆ ಪ್ರಯೋಗಾಲಯದಲ್ಲಿ ಮಾಡುವಂಥದ್ದು ಅಂದುಕೊಂಡಿದ್ದೆ. ಅಲ್ಲ. ಎಲ್ಲೂ ಪ್ರಕಟವಾಗದ, ನನ್ನ ತಲೆಯಲ್ಲಿ ಮಾತ್ರ ಇರುವ ಯಾವ ವಿಷಯವಾದರೂ ಅದೇ. ಗಡಿಯಾರದ ಮುಂದೆ ಕೂತ ನನ್ನ ಕಿವಿ, ಇವರ ಲೆಕ್ಕದಲ್ಲಿ, ಅಪ್ರಕಟಿತ ಕೃತಿ.

ಮೊದಲಿಗೆ ಇದು ಅನ್ಯಾಯ ಅನ್ನಿಸಿತು. ಕೈಯಾರೆ ಕೆಲಸ ಮಾಡುವವನ ಮಾತಿಗಿಂತ ಪುಸ್ತಕ ಬರೆದವನ ಮಾತು ಹೆಚ್ಚಾ? ಆಮೇಲೆ ಈ ಯೋಜನೆ ಹುಟ್ಟಿದ ಕಥೆ ಓದಿದಾಗ ಸ್ವಲ್ಪ ಬೆಳಕು ಬಿತ್ತು. ವಿಕಿಪೀಡಿಯಕ್ಕಿಂತ ಮುಂಚೆ ನ್ಯೂಪೀಡಿಯ ಅಂತ ಒಂದು ಇತ್ತು. ಆಮೇಲೆ ವಿಕಿಪೀಡಿಯ ಶುರುಮಾಡಿದ ಜಿಮ್ಮಿ ವೇಲ್ಸ್, ಲ್ಯಾರಿ ಸ್ಯಾಂಗರ್ ಇಬ್ಬರೇ ಅಲ್ಲೂ ಇದ್ದರು. ಅಲ್ಲಿ ತಜ್ಞರು ಬರೆಯಬೇಕು, ಬರೆದದ್ದು ಏಳು ಹಂತದ ಪರಿಶೀಲನೆ ದಾಟಬೇಕು. ವರ್ಷ ಕಳೆದರೂ ಬೆರಳೆಣಿಕೆಗೆ ಸ್ವಲ್ಪ ಜಾಸ್ತಿ ಲೇಖನ ಬಂದವು ಅಷ್ಟೇ. 2001ರ ಜನವರಿ 15ರಂದು ವಿಕಿಪೀಡಿಯ ಶುರುವಾದಾಗ ಬಾಗಿಲಲ್ಲಿ ನೀವು ಯಾರು ಅಂತ ಕೇಳುವುದನ್ನೇ ಬಿಟ್ಟರು. ಬರೆಯುವವನು ಯಾರು ಅಂತ ಕೇಳದೆ ಇದ್ದಮೇಲೆ, ಬರೆದ ಮಾತಿಗೆ ಆಧಾರ ಏನು ಅಂತ ಕೇಳಲೇಬೇಕಲ್ಲ. ನನ್ನನ್ನು ಒಳಗೆ ಬಿಟ್ಟ ಬಾಗಿಲೂ, ನನ್ನ 12 ವಾಕ್ಯ ಹೊರಹಾಕಿದ ಬಾಗಿಲೂ ಒಂದೇ.

ಚರ್ಚೆ ಪುಟದಲ್ಲಿ ಕ್ಷಮೆ ಕೇಳಿ ಎರಡು ಸಾಲು ಬರೆದೆ. ಸಹಿ ಹಾಕಲಿಲ್ಲ. ಕೊನೆಗೆ ನಾಲ್ಕು ಟಿಲ್ಡೆ (~ ಚಿಹ್ನೆ) ಹಾಕಿದರೆ ಹೆಸರು, ಸಮಯ ತಾನೇ ಬರುತ್ತದೆ ಅಂತ ಅದೇ ಸದಸ್ಯರು ಹೇಳಿಕೊಟ್ಟರು. ವಿಡಿಯೋ ಕೊಂಡಿ ಬಗ್ಗೆ ನಾನು ಕೇಳಲಿಲ್ಲ, ಅವರೂ ಎತ್ತಲಿಲ್ಲ. ತನ್ನದನ್ನು ತಾನೇ ತಂದು ಅಂಟಿಸಬಾರದು ಅನ್ನುವುದಕ್ಕೆ ನಿಯಮ ಪುಟ ಬೇಕಾಗಿರಲಿಲ್ಲ.

ದಿನ 4ರಿಂದ 7

ಮೇಜು ಬದಲಾಯಿಸಿದೆ. ಪ್ರತಿ ಸದಸ್ಯರಿಗೂ ಒಂದು ಪ್ರಯೋಗಪುಟ ಇರುತ್ತದೆ. ಅಲ್ಲಿ ಏನು ಹಾಳು ಮಾಡಿದರೂ ಯಾರಿಗೂ ತೊಂದರೆ ಇಲ್ಲ. ಗಡಿಯಾರದಲ್ಲೂ ಇದೇ ಕ್ರಮ ಅಲ್ವಾ? ಗೋಡೆ ಮೇಲೆ ಇದ್ದಾಗಲೇ ಬಿಚ್ಚುವುದಿಲ್ಲ, ಇಳಿಸಿ ಬಟ್ಟೆ ಹಾಸಿ ಬಿಚ್ಚುತ್ತೇವೆ. ಮೊದಲ ದಿನ ನಾನು ಗೋಡೆ ಮೇಲೇ ಬಿಚ್ಚಿದ್ದೆ.

ಬರೆಯಲು ಎರಡು ದಾರಿ. ಒಂದು ದೃಶ್ಯ ಸಂಪಾದಕ, ಮಾಮೂಲಿ ಟೈಪಿಂಗ್ ತಂತ್ರಾಂಶದ ಥರ. ಇನ್ನೊಂದು ಮೂಲ ಪಠ್ಯ, ಚಿಹ್ನೆಗಳ ಕಾಡು. ಹೊಸಬರಿಗೆ ಮೊದಲನೆಯದೇ ಸುಲಭ. ಆದರೆ ನನಗೆ ಒಳಗಿನ ಚಕ್ರ ಕಾಣದೆ ಸಮಾಧಾನ ಇಲ್ಲ, ಹಾಗಾಗಿ ಮೂಲ ಪಠ್ಯಕ್ಕೇ ಇಳಿದೆ. ಪದದ ಎರಡೂ ಬದಿ ಮೂರು ಮೂರು ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ದಪ್ಪ ಅಕ್ಷರ. ಎರಡೆರಡು ಚೌಕ ಕಂಸದ ನಡುವೆ ಇಟ್ಟರೆ ಬೇರೆ ಪುಟಕ್ಕೆ ಕೊಂಡಿ. ಆ ಹೆಸರಿನ ಪುಟ ಇಲ್ಲದಿದ್ದರೆ ಕೊಂಡಿ ಕೆಂಪಗೆ ಕಾಣುತ್ತದೆ. ಕೆಂಪು ನೋಡಿ ಹೆದರಿ ಅಳಿಸಬಾರದು. ಈ ಪುಟ ಯಾರಾದರೂ ಬರೆಯಿರಿ ಅನ್ನುವ ಕರೆ ಅದು.

ನನ್ನ ದೊಡ್ಡ ಅನಾಹುತ ಉಲ್ಲೇಖದ ಟ್ಯಾಗಿನಲ್ಲಿ ಆಯಿತು. ವಾಕ್ಯ ಮುಗಿದ ಕೂಡಲೇ ‘ರೆಫ್’ ಅನ್ನುವ ಟ್ಯಾಗ್ ತೆರೆದು, ಒಳಗೆ ಪುಸ್ತಕದ ವಿವರ ಕೊಟ್ಟು, ಮುಚ್ಚಬೇಕು. ಆಗ ವಾಕ್ಯದ ಪಕ್ಕ ಚಿಕ್ಕ ಅಂಕಿ ಬಂದು, ವಿವರ ಪುಟದ ತಳಕ್ಕೆ ಹೋಗುತ್ತದೆ. ಒಂದು ಕಡೆ ಮುಚ್ಚುವುದನ್ನು ಮರೆತೆ. ಮುನ್ನೋಟ ನೋಡಿದರೆ ಎರಡು ಪ್ಯಾರಾ ಕಾಣಿಸುತ್ತಿಲ್ಲ! ಅಳಿಸಿದ್ದೇನಾ ಅಂತ ಹುಡುಕಿದೆ. ಅಳಿಸಿರಲಿಲ್ಲ. ಮುಂದಿನ ಮುಚ್ಚುವ ಟ್ಯಾಗ್ ಸಿಗುವ ತನಕ ಇದ್ದ ಬರಹವೆಲ್ಲ ಒಂದೇ ಅಡಿಟಿಪ್ಪಣಿಯೊಳಗೆ ಹೋಗಿ ಕೂತಿತ್ತು. ಪಠ್ಯದಲ್ಲಿ ಏನಾದರೂ ಏಕಾಏಕಿ ಕಾಣೆಯಾದರೆ ಮೊದಲು ಅಡಿಟಿಪ್ಪಣಿ ನೋಡಿ. ಸ್ಪ್ರಿಂಗ್ ಹಾರಿದಾಗ ಮೇಜಿನ ಕೆಳಗೆ ಹುಡುಕುವ ಹಾಗೆ.

ಉಳಿಸುವ ಮುಂಚೆ ಮುನ್ನೋಟ. ಇದನ್ನು ನೋಟ್‌ಬುಕ್ಕಿನಲ್ಲಿ ಎರಡು ಸಲ ಗೆರೆ ಎಳೆದು ಬರೆದಿದ್ದೇನೆ.

ದಿನ 9

ಆಧಾರ ಹುಡುಕುವ ಕೆಲಸ. ಇದೇ ನಿಜವಾದ ರಿಪೇರಿ, ಉಳಿದದ್ದೆಲ್ಲ ಒರೆಸುವುದು.

ಎಂಥ ಮೂಲ ನಡೆಯುತ್ತದೆ? ಪ್ರಕಟವಾಗಿರಬೇಕು, ಪ್ರಕಟಿಸುವ ಮುಂಚೆ ಬರೆದವನಲ್ಲದೆ ಬೇರೆ ಯಾರಾದರೂ ನೋಡಿರಬೇಕು, ವಿಷಯದಿಂದ ಲಾಭ ಇಲ್ಲದವರು ಬರೆದಿದ್ದರೆ ಒಳ್ಳೆಯದು. ಗಡಿಯಾರ ಮಾರುವ ತಾಣ ನಡೆಯುವುದಿಲ್ಲ. ಹವ್ಯಾಸಿಗಳ ಬ್ಲಾಗ್ ನಡೆಯುವುದಿಲ್ಲ, ಅದರಲ್ಲಿ ಇರುವುದು ನೂರಕ್ಕೆ ನೂರು ಸರಿ ಇದ್ದರೂ. ಇನ್ನೊಂದು ವಿಕಿಪೀಡಿಯ ಪುಟವನ್ನೂ ಉಲ್ಲೇಖ ಅಂತ ಕೊಡುವ ಹಾಗಿಲ್ಲ.

ಒಂದು ಒಳ್ಳೆ ಬಲೆಯಲ್ಲಿ ಬೀಳುವವನಿದ್ದೆ. ನಮ್ಮ ಪುಟದಲ್ಲಿ ಆಧಾರವಿಲ್ಲದ ಒಂದು ವಾಕ್ಯ ಇತ್ತು. ಹುಡುಕಿದಾಗ ಒಂದು ತಾಣದಲ್ಲಿ ಅದೇ ಮಾತು ಸಿಕ್ಕಿತು. ಖುಷಿಯಿಂದ ಉಲ್ಲೇಖ ಹಾಕಲು ಹೋದೆ. ಪದ ಪದವೂ ಒಂದೇ ಇದೆಯಲ್ಲ ಅಂತ ಅನುಮಾನ ಬಂತು. ಪುಟದ ಇತಿಹಾಸದಲ್ಲಿ ಆ ವಾಕ್ಯ ಸೇರಿದ ದಿನ ಹುಡುಕಿದೆ. ಆ ತಾಣದ ಬರಹದ ದಿನಾಂಕ ಅದಕ್ಕಿಂತ ಎರಡು ವರ್ಷ ಈಚೆಗಿನದು. ಅವರು ನಮ್ಮಿಂದ ಎತ್ತಿದ್ದರು. ನಾನು ಅವರನ್ನು ಆಧಾರ ಮಾಡಿದ್ದರೆ ಸುಳ್ಳು ಒಂದು ಸುತ್ತು ಹೊಡೆದು ಸತ್ಯವಾಗಿ ಮನೆಗೆ ಬರುತ್ತಿತ್ತು. ವಾಕ್ಯವನ್ನೇ ತೆಗೆದೆ. ಈ ಸಲ ಸಾರಾಂಶ ಬರೆದೆ, ಯಾಕೆ ತೆಗೆದೆ ಅಂತ.

ಸತ್ತ ಕೊಂಡಿಯನ್ನು ಅಳಿಸಬಾರದಂತೆ. ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿನಲ್ಲಿ ಹಳೇ ವಿಳಾಸ ಹಾಕಿದರೆ ಆ ಪುಟದ ಹಳೇ ಪ್ರತಿ ಸಿಗಬಹುದು. ಸಿಕ್ಕಿತು. ಉಲ್ಲೇಖದಲ್ಲಿ ಮೂಲ ವಿಳಾಸದ ಜೊತೆ ಆ ಪ್ರತಿಯ ವಿಳಾಸವನ್ನೂ ಕೊಟ್ಟೆ. ಎರಡು ನಿಮಿಷದ ಕೆಲಸ.

ದಿನ 12

ಪೀಸಾ ದೀಪದ ತಂಟೆ.

ಪುಟದಲ್ಲಿ ಆ ಪ್ರಸಿದ್ಧ ಕಥೆ ಇತ್ತು. ಹುಡುಗ ಗೆಲಿಲಿಯೋ ಪೀಸಾ ನಗರದ ದೊಡ್ಡ ಚರ್ಚಿನಲ್ಲಿ ತೂಗಾಡುವ ದೀಪ ನೋಡುತ್ತಾನೆ, ನಾಡಿಬಡಿತದಿಂದ ಅಳೆಯುತ್ತಾನೆ, ಪೆಂಡುಲಂ ಗುಟ್ಟು ಹೊಳೆಯುತ್ತದೆ. 1583 ಅಂತ ವರ್ಷವನ್ನೂ ಹೇಳುತ್ತಾರೆ. ಈ ಕಥೆ ಬಂದಿದ್ದು ಅವನ ಶಿಷ್ಯ ವಿವಿಯಾನಿ ಬರೆದ ಜೀವನಚರಿತ್ರೆಯಿಂದ, ಅದೂ ಗುರು ತೀರಿಕೊಂಡ ಮೇಲೆ ಬರೆದದ್ದು. ಈಗ ಅಲ್ಲಿ ಗೆಲಿಲಿಯೋ ದೀಪ ಅಂತ ತೋರಿಸುವ ದೀಪ ಆ ವರ್ಷದ ನಂತರ ಬಂದದ್ದು. ಗೆಲಿಲಿಯೋ ಪೆಂಡುಲಂ ಬಗ್ಗೆ ಬರೆದ, ನಮಗೆ ಸಿಕ್ಕಿರುವ ಪತ್ರ 1602ರದ್ದು.

ಕಥೆಯನ್ನು ಕಿತ್ತುಹಾಕಿಬಿಡೋಣ ಅಂತ ನನ್ನ ಆಸೆ. ಚರ್ಚೆ ಪುಟದಲ್ಲಿ ಹಾಗೇ ಬರೆದೆ. ಬೇಡ ಅಂತ ಉತ್ತರ ಬಂತು. ಇಷ್ಟು ಜನ ಕೇಳಿರುವ ಕಥೆಯನ್ನು ಅಳಿಸಿದರೆ ನಾಳೆ ಇನ್ನೊಬ್ಬರು ಬಂದು ಮತ್ತೆ ಸೇರಿಸುತ್ತಾರೆ, ಅದೂ ನಿಜ ಅಂತಲೇ. ಕಥೆ ಇರಲಿ, ಯಾರು ಹೇಳಿದ್ದು ಅಂತ ಹೇಳಿ, ಇತಿಹಾಸಕಾರರಿಗೆ ಯಾಕೆ ಅನುಮಾನ ಅಂತಲೂ ಹೇಳಿ. ಪಕ್ಷಪಾತ ಇಲ್ಲದಿರುವುದು ಅಂದರೆ ಎರಡೂ ಕಡೆಗೆ ಅರ್ಧರ್ಧ ಹಂಚುವುದಲ್ಲ. ಮೂಲಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಇದೆಯೋ ಅಷ್ಟೇ ತೂಕ ಕೊಡುವುದು. ‘ವಿವಿಯಾನಿ ಬರೆದ ಪ್ರಕಾರ’ ಅನ್ನುವ ಮೂರು ಪದ ಆ ಪ್ಯಾರಾವನ್ನು ನೆಟ್ಟಗೆ ನಿಲ್ಲಿಸಿತು.

ಇದೇ ಏಟಿಗೆ ನನ್ನದೇ ಇನ್ನೊಂದು ವಾಕ್ಯ ಸಿಕ್ಕಿಬಿತ್ತು. ಲಂಗರಿನ ಆಕಾರದ ಎಸ್ಕೇಪ್‌ಮೆಂಟ್ ಇದೆಯಲ್ಲ, ಚಕ್ರದ ಹಲ್ಲನ್ನು ಒಂದೊಂದಾಗಿ ಹಿಡಿದು ಬಿಡುವ ಭಾಗ, ಟಿಕ್ ಟಾಕ್ ಸದ್ದು ಬರುವುದೇ ಅಲ್ಲಿಂದ, ಅದನ್ನು ‘ನಿಜವಾಗಿ’ ಕಂಡುಹಿಡಿದವನು ವಿಲಿಯಂ ಕ್ಲೆಮೆಂಟ್ ಅಂತ ನಾನು ಪ್ರಯೋಗಪುಟದಲ್ಲಿ ಬರೆದಿದ್ದೆ. ರಾಬರ್ಟ್ ಹುಕ್ ಅಂತ ಹೇಳುವ ಪುಸ್ತಕಗಳೂ ಇವೆ. ಹುಕ್ ಮೇಲೆ ನನಗೆ ಏನೋ ಅಸಡ್ಡೆ, ಕಾರಣ ಕೇಳಬೇಡಿ. ‘ನಿಜವಾಗಿ’ ಹೊಡೆದುಹಾಕಿ ಇಬ್ಬರ ಹೆಸರೂ ಬರೆದೆ. ಮೂರನೇ ಪ್ಯಾರಾದ ‘ಅದ್ಭುತ’ಗಳನ್ನೂ ಅವತ್ತೇ ಗುಡಿಸಿದೆ. ಅಲ್ಲಿ ಏನು ಉಳಿಯಿತು ಅಂದರೆ, ಅರ್ಧ ಸಾಲು.

ದಿನ 15

‘ಆದ್ದರಿಂದ’ ಅನ್ನುವ ಪದಕ್ಕೆ ಉಲ್ಲೇಖ ಬೇಕು ಅಂತ ಅವತ್ತು ಗೊತ್ತಾಯಿತು.

ಒಂದು ಪುಸ್ತಕದಲ್ಲಿ ಹೀಗಿತ್ತು: ಪೆಂಡುಲಂ ಬಂದಮೇಲೆ ಗಡಿಯಾರದ ತಪ್ಪು ದಿನಕ್ಕೆ ಸುಮಾರು 15 ನಿಮಿಷದಿಂದ ಸುಮಾರು 15 ಸೆಕೆಂಡಿಗೆ ಇಳಿಯಿತು. ಇನ್ನೊಂದರಲ್ಲಿ: 17ನೇ ಶತಮಾನದ ಕೊನೆಯ ಹೊತ್ತಿಗೆ ಗಡಿಯಾರಗಳಲ್ಲಿ ನಿಮಿಷದ ಮುಳ್ಳು ಸಾಮಾನ್ಯವಾಯಿತು. ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ನಡುವೆ ‘ಆದ್ದರಿಂದ’ ಹಾಕಿದೆ. ಎರಡೂ ವಾಕ್ಯಕ್ಕೆ ಉಲ್ಲೇಖ ಇದೆ, ಇನ್ನೇನು ಬೇಕು?

ಆ ‘ಆದ್ದರಿಂದ’ ಯಾವ ಪುಸ್ತಕದಲ್ಲಿದೆ ಅಂತ ಕೇಳಿದರು. ಎರಡರಲ್ಲೂ ಇರಲಿಲ್ಲ. ಎರಡು ಮೂಲ ಬೆಸೆದು ಎರಡರಲ್ಲೂ ಇಲ್ಲದ ತೀರ್ಮಾನ ತೆಗೆದರೆ ಅದೂ ಸ್ವಂತ ಸಂಶೋಧನೆಯೇ. ತಲೆ ಚಚ್ಚಿಕೊಂಡೆ. ಕಣ್ಣಿಗೆ ಕಾಣುವಂಥ ವಿಷಯ ಇದು! ಎರಡು ದಿನ ಹುಡುಕಿ, ನಿಖರತೆ ಹೆಚ್ಚಿದ್ದಕ್ಕೇ ನಿಮಿಷದ ಮುಳ್ಳು ಬಂತು ಅಂತ ನೇರವಾಗಿ ಹೇಳುವ ಮೂರನೇ ಪುಸ್ತಕ ಸಿಕ್ಕಿತು. ವಾಕ್ಯ ಒಂದಕ್ಷರವೂ ಬದಲಾಗಲಿಲ್ಲ, ಅಡಿಯಲ್ಲಿ ಒಂದು ಅಂಕಿ ಜಾಸ್ತಿಯಾಯಿತು. ಈಗಲೂ ಇದು ಸ್ವಲ್ಪ ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಆದರೆ ದೀಪದ ಕಥೆಯೂ ಒಂದು ಕಾಲದಲ್ಲಿ ಯಾರಿಗೋ ಕಣ್ಣಿಗೆ ಕಾಣುವಂತೆ ಇತ್ತು, ಅದನ್ನು ಮರೆಯುವ ಹಾಗಿಲ್ಲ.

ಲೆಕ್ಕಕ್ಕೆ ಮಾತ್ರ ವಿನಾಯಿತಿ ಇದೆ. ಯಾರು ಬೇಕಾದರೂ ಮಾಡಿ ನೋಡಬಹುದಾದ ಮಾಮೂಲಿ ಲೆಕ್ಕ ಸ್ವಂತ ಸಂಶೋಧನೆ ಅಲ್ಲ. ಸೆಕೆಂಡ್ ಪೆಂಡುಲಂ ಉದ್ದ ಸುಮಾರು 99.4 ಸೆಂ.ಮೀ. ಸೂತ್ರಕ್ಕೆ ಹಾಕಿದರೆ ಹೋಗಿಬರುವ ಕಾಲ ಸರಿಯಾಗಿ ಎರಡು ಸೆಕೆಂಡ್ ಬರುತ್ತದೆ. ಉದ್ದ 1 ಮಿ.ಮೀ. ಹೆಚ್ಚಾದರೆ ದಿನಕ್ಕೆ ಸುಮಾರು 43 ಸೆಕೆಂಡ್ ಹಿಂದೆ ಬೀಳುತ್ತದೆ. ಪೆಂಡುಲಂ ಕೆಳಗಿನ ತಿರುಪನ್ನು ಅರ್ಧ ಸುತ್ತು ತಿರುಗಿಸಿದರೂ ಯಾಕೆ ವ್ಯತ್ಯಾಸ ಗೊತ್ತಾಗುತ್ತದೆ ಅಂತ ಇದರಿಂದ ತಿಳಿಯುತ್ತದೆ. ತಿರುಪಿನ ಮಾತು ಬರೆಯಲಿಲ್ಲ. ಲೆಕ್ಕ ಬರೆದೆ.

ದಿನ 18

ಅನುವಾದ. ಇಂಗ್ಲಿಷ್ ಪುಟದಲ್ಲಿ ಉಷ್ಣತೆಯ ಬಗ್ಗೆ ಒಳ್ಳೆ ಭಾಗ ಇತ್ತು. ಸೆಕೆಗೆ ಲೋಹದ ಕಡ್ಡಿ ಉದ್ದವಾಗಿ ಗಡಿಯಾರ ನಿಧಾನವಾಗುತ್ತದೆ. ಅದಕ್ಕೆ ಜಾರ್ಜ್ ಗ್ರಹಾಂ 1721ರಲ್ಲಿ ಪಾದರಸ ತುಂಬಿದ ಪೆಂಡುಲಂ ಮಾಡಿದ, ಜಾನ್ ಹ್ಯಾರಿಸನ್ 1726ರಲ್ಲಿ ಬೇರೆ ಬೇರೆ ಲೋಹದ ಕಡ್ಡಿಗಳನ್ನು ಜಾಲರಿಯಂತೆ ಜೋಡಿಸಿದ. ವಿಕಿಪೀಡಿಯದ ಬರಹ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯದು, ಅನುವಾದಿಸಬಹುದು. ಷರತ್ತು ಇಷ್ಟೇ: ಎಲ್ಲಿಂದ ತಂದದ್ದು ಅಂತ ಸಾರಾಂಶದಲ್ಲಿ ಆ ಪುಟದ ಕೊಂಡಿ ಕೊಡಬೇಕು. ಮೊದಲು ಬರೆದವರ ಹೆಸರುಗಳು ಅದರ ಇತಿಹಾಸದಲ್ಲಿ ಇರುತ್ತವಲ್ಲ, ಅದಕ್ಕೆ.

ಸೋಮಾರಿತನದಿಂದ ಯಂತ್ರಕ್ಕೆ ಕೊಟ್ಟೆ. ಸೆಕೆಂಡ್ ಪೆಂಡುಲಂ ‘ಎರಡನೇ ಲೋಲಕ’ ಆಗಿ ಬಂತು. ಹಾಗಾದರೆ ಮೊದಲನೆಯದು ಎಲ್ಲಿ? ಎಸ್ಕೇಪ್‌ಮೆಂಟ್ ‘ತಪ್ಪಿಸಿಕೊಳ್ಳುವಿಕೆ’ ಆಯಿತು. ಎತ್ತರದ ನಿಲುವು ಗಡಿಯಾರ ‘ಅಜ್ಜನ ಗಡಿಯಾರ’ ಆಗಿ, ‘ಅಜ್ಜನ ತಪ್ಪಿಸಿಕೊಳ್ಳುವಿಕೆ’ ಅನ್ನುವ ವಾಕ್ಯ ಓದಿ ಒಬ್ಬನೇ ಕೂತು ನಕ್ಕೆ. ಎಲ್ಲ ಅಳಿಸಿ, ಪ್ಯಾರಾ ಓದಿ ಮುಚ್ಚಿಟ್ಟು, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಬರೆದೆ. ಅರ್ಧ ಗಂಟೆ ಹಿಡಿಯಿತು. ಯಂತ್ರದ್ದನ್ನು ತಿದ್ದಿದ್ದರೆ ಒಂದು ಗಂಟೆ.

ಎಸ್ಕೇಪ್‌ಮೆಂಟಿಗೆ ಕನ್ನಡ ಪದ ಏನಿಡೋಣ ಅಂತ ‘ಅರಳಿ ಕಟ್ಟೆ’ಯಲ್ಲಿ ಕೇಳಿದೆ. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ ಆ ಹೆಸರು, ಎಂಥ ಸೊಗಸಾದ ಹೆಸರು! ನಾನೇ ಒಂದು ಪದ ಟಂಕಿಸಿಕೊಂಡು ಹೋಗಿದ್ದೆ. ಹೊಸ ಪದ ಕಟ್ಟುವುದೂ ಒಂಥರಾ ಸ್ವಂತ ಸಂಶೋಧನೆ, ಬಳಕೆಯಲ್ಲಿ ಇರುವುದನ್ನೇ ಬರೆದು ಏನು ಅಂತ ವಿವರಿಸಿ ಅಂದರು. ನನ್ನ ಪದ ಜೇಬಿನಲ್ಲೇ ಉಳಿಯಿತು.

ದಿನ 20

ಇದನ್ನು ಬರೆಯಲು ನಾಚಿಕೆ. ಒಂದು ಪುಸ್ತಕದ ಮೂರು ವಾಕ್ಯವನ್ನು ನಾಲ್ಕೈದು ಪದ ಬದಲಾಯಿಸಿ ಹಾಕಿದ್ದೆ, ಉಲ್ಲೇಖ ಕೊಟ್ಟಿದ್ದೆ. ಉಲ್ಲೇಖ ಕೊಟ್ಟರೆ ಸಾಕು ಅಂದುಕೊಂಡಿದ್ದೆ. ಸಾಲದು. ಹಕ್ಕು ಇರುವ ಬರಹದ ವಿಷಯ ತೆಗೆದುಕೊಳ್ಳಬಹುದು, ವಾಕ್ಯ ತೆಗೆದುಕೊಳ್ಳುವ ಹಾಗಿಲ್ಲ. ಉಳಿದ ತಪ್ಪುಗಳು ಇತಿಹಾಸದಲ್ಲಿ ಎಲ್ಲರಿಗೂ ಕಾಣುವಂತೆ ಉಳಿಯುತ್ತವೆ. ಇಂಥದ್ದನ್ನು ಮಾತ್ರ ನಿರ್ವಾಹಕರು ಇತಿಹಾಸದಲ್ಲೂ ಮುಚ್ಚಬಹುದು. ಮುಚ್ಚಿದರು. ಆ ಸಾಲಿನ ಮೇಲೆ ಈಗ ಅಡ್ಡಗೆರೆ ಇದೆ.

ದಿನ 23

ಸಣ್ಣಪುಟ್ಟ ಕೆಲಸ. ವರ್ಗ ಸೇರಿಸಿದೆ. ಪುಟ ಬೇರೆ ಭಾಷೆಗಳ ಪುಟದ ಜೊತೆ ಜೋಡಣೆ ಆಗಿರಲಿಲ್ಲ, 2012ರಲ್ಲಿ ಬಂದ ವಿಕಿಡೇಟಾದಲ್ಲಿ ಹೋಗಿ ಜೋಡಿಸಿದೆ. ಅಕ್ಷರದೋಷ ತಿದ್ದಿ ‘ಚಿಕ್ಕ ಬದಲಾವಣೆ’ ಗುರುತು ಹಾಕಿದೆ, ಮೊದಲ ಬಾರಿಗೆ ಸರಿಯಾದ ಕಾರಣಕ್ಕೆ.

ದಿನ 26ರಿಂದ ಇವತ್ತಿನವರೆಗೆ

ಫೋಟೋ ಬದಲಾಯಿಸಬೇಕಿತ್ತು. ಚಿತ್ರಗಳು ಇರುವುದು ವಿಕಿಮೀಡಿಯ ಕಾಮನ್ಸ್ ಅನ್ನುವ ಬೇರೆ ತಾಣದಲ್ಲಿ. ಹುಡುಕುಯಂತ್ರದಲ್ಲಿ ಸಿಕ್ಕಿದ ಚಿತ್ರ ಅಲ್ಲಿ ಹಾಕುವಂತಿಲ್ಲ. ನಾವೇ ತೆಗೆದದ್ದಾದರೆ ಹಾಕಬಹುದು, ಆದರೆ ಯಾರು ಬೇಕಾದರೂ, ದುಡ್ಡು ಮಾಡುವವರೂ ಕೂಡ, ಬಳಸಲು ಒಪ್ಪಬೇಕು. ಶೈಕ್ಷಣಿಕ ಬಳಕೆಗೆ ಮಾತ್ರ ಅಂದರೆ ನಡೆಯುವುದಿಲ್ಲ. ಒಂದು ಕ್ಷಣ ಯೋಚಿಸಿದೆ. ಒಪ್ಪಿದೆ.

ಸ್ವಂತ ಫೋಟೋ ಸ್ವಂತ ಸಂಶೋಧನೆ ಅಲ್ಲವಂತೆ! ಚಿತ್ರ ಹೊಸ ವಾದ ಮಂಡಿಸದೆ, ಪುಟದಲ್ಲಿ ಬರೆದದ್ದನ್ನು ತೋರಿಸಿದರೆ ಸಾಕು. ಇಷ್ಟು ದಿನ ಕೈ ಕಟ್ಟಿಕೊಂಡು ಕೂತವನಿಗೆ ಕೆಲಸ ಸಿಕ್ಕಿತು. ಗೋಡೆ ಗಡಿಯಾರ ಇಳಿಸಿದೆ. ಮುಖ ತೆಗೆದೆ, ಹಿಂದಿನ ತಗಡು ಬಿಚ್ಚಿದೆ, ಲಂಗರು ಮತ್ತು ಹಲ್ಲಿನ ಚಕ್ರವನ್ನು ಬ್ರಶ್‌ನಿಂದ ಒರೆಸಿ ಕಿಟಕಿ ಬೆಳಕಿಗೆ ಹಿಡಿದು ತೆಗೆದೆ. ಲಂಗರಿನ ಒಂದು ತುದಿ ಹಲ್ಲನ್ನು ಹಿಡಿದ ಕ್ಷಣ ಸ್ಪಷ್ಟವಾಗಿ ಬಂದಿದೆ. ಪುಟದಲ್ಲಿ ಅದು ಈಗ ಮಸುಕು ಫೋಟೋ ಇದ್ದ ಜಾಗದಲ್ಲಿದೆ.

ಕಿವಿಯ ವಿಷಯಕ್ಕೆ ಬಂದರೆ, ಗಡಿಯಾರ ರಿಪೇರಿಯ ಒಂದು ಹಳೇ ಕೈಪಿಡಿ ಸಿಕ್ಕಿತು. ಟಿಕ್ ಟಾಕ್ ಅಂತರ ಸಮ ಇಲ್ಲದಿದ್ದರೆ ಗಡಿಯಾರ ನಿಲ್ಲುವ ಸಾಧ್ಯತೆ ಇದೆ ಅಂತ ಅದರಲ್ಲಿ ಇದೆ, ಪುಟಸಂಖ್ಯೆ ಸಮೇತ. ಮೊದಲ ದಿನ ಬರೆದ 12 ವಾಕ್ಯಗಳಲ್ಲಿ ಆ ಒಂದು ವಾಪಸ್ ಬಂದಿದೆ. ಕಣ್ಣು ಮುಚ್ಚಿ ಕೇಳುವುದು, ಕೂದಲೆಳೆ ಓರೆ ಮಾಡುವುದು ನೋಟ್‌ಬುಕ್ಕಿನಲ್ಲೇ ಇವೆ.

ಬಾಕಿ ಇರುವುದು: ಒಂದು ವಾಕ್ಯದ ಪಕ್ಕ ‘ಉಲ್ಲೇಖ ಬೇಕು’ ಅಂತ ಇದೆ. ಅದನ್ನು ಹಾಕಿದ್ದು ನಾನೇ, ನನ್ನದೇ ವಾಕ್ಯಕ್ಕೆ. 1927ರ ಕ್ವಾರ್ಟ್ಜ್ ಗಡಿಯಾರದ ಭಾಗ ಬರೆಯಬೇಕು. ನಿನ್ನೆ ಚರ್ಚೆ ಪುಟದಲ್ಲಿ ಒಬ್ಬರು ಫೋಟೋ ಚೆನ್ನಾಗಿದೆ, ಲಂಗರಿನ ಇನ್ನೊಂದು ತುದಿ ಹಲ್ಲು ಹಿಡಿದಾಗಿನದೂ ಸಿಗುತ್ತದಾ ಅಂತ ಕೇಳಿದ್ದಾರೆ. ಸಿಗುತ್ತದೆ. ಗಡಿಯಾರ ಇನ್ನೂ ಬಿಚ್ಚಿದ ಹಾಗೇ ಮೇಜಿನ ಮೇಲಿದೆ. ಗೋಡೆಯಲ್ಲಿ ಬರೀ ಮೊಳೆ ಇದೆ, ಮನೆಯವರೆಲ್ಲ ಟೈಮ್ ನೋಡಲು ಇನ್ನೂ ಅದರ ಕಡೆಗೇ ತಿರುಗುತ್ತಾರೆ.